ವಿಶಾಲಮ್ಮನ ಇಪ್ಪತ್ತಮೂರು ಹೆಜ್ಜೆ

ತಮ್ಮ ಮನೆಯ ಬಾಗಿಲಿನಿಂದ ನಮ್ಮ ಮನೆಯ ಬಾಗಿಲಿಗೆ ವಿಶಾಲಮ್ಮ ಇಪ್ಪತ್ತಮೂರು ಹೆಜ್ಜೆಯಲ್ಲಿ ಬರುತ್ತಿದ್ದರು. ಇಪ್ಪತ್ತೆರಡಲ್ಲ, ಇಪ್ಪತ್ತನಾಲ್ಕಲ್ಲ. ಇಪ್ಪತ್ತಮೂರನೆಯ ಹೆಜ್ಜೆ ಇಟ್ಟು ನಿಂತ ಮೇಲೆ ನೆಲ ನೋಡುತ್ತಿರಲಿಲ್ಲ, ಬಾಗಿಲ ಮೇಲಿನ ನಂಬರೂ ನೋಡುತ್ತಿರಲಿಲ್ಲ. ಕಾರಿಡಾರಿನ ತುದಿಯ ಕಿಟಕಿಯಿಂದ ಬರುವ ಬೆಳಕಿಗೆ ಎಡಗೆನ್ನೆಯನ್ನು ಒಂಚೂರು ತಿರುಗಿಸಿ, ಒಂದು ಉಸಿರು ಎಳೆದುಕೊಂಡು, ಆಮೇಲೆ ಬೆಲ್ ಒತ್ತುತ್ತಿದ್ದರು. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೈಯಲ್ಲಿ ಖಾಲಿ ಸಕ್ಕರೆ ಡಬ್ಬ ಹಿಡಿದು ಬಂದರೂ ಆ ನಿಲುವು ಮಾತ್ರ ರಾಣಿಯೊಬ್ಬಳು ಆಸ್ಥಾನಕ್ಕೆ ಬಂದ ಹಾಗೆಯೇ.

ನಾವಿದ್ದುದು ದುಬೈಯ ಡಿಸ್ಕವರಿ ಗಾರ್ಡನ್ಸಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ನಮ್ಮವರಿಗೆ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಆಫೀಸು ಕೆಲಸ. ಮಗಳನ್ನು ಓದಲು ಊರಿಗೆ ಕಳಿಸಿದ ಮೇಲೆ ಬೆಳಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಮನೆಯಲ್ಲಿ ನಾನೊಬ್ಬಳೇ. ವಿಶಾಲಮ್ಮನ ಮಗಳು ಸುಮಾ ಅಲ್ ಬರ್ಷಾದ ಆಫೀಸಿಗೆ ಹೋಗುತ್ತಿದ್ದಳು. ಅಳಿಯ ಅಬುಧಾಬಿಯ ಸೈಟಿನಲ್ಲಿ ಎಂಜಿನಿಯರು. ಆಗ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆ ಬಂದರೆ ಶನಿವಾರ ಸಂಜೆ ಹೊರಟ. ಹಾಗಾಗಿ ವಾರದಲ್ಲಿ ಐದು ದಿನ ಆ ಮಹಡಿಯಲ್ಲಿ ಹಗಲು ಹೊತ್ತು ಕನ್ನಡ ಮಾತಾಡುವವರು ನಾವಿಬ್ಬರೇ.

ಮೊದಲ ಸಲ ಅವರು ಬಂದದ್ದು ಒಗ್ಗರಣೆಯ ವಾಸನೆ ಹಿಡಿದು. ಎರಡು ಸಾವಿರದ ಹದಿಮೂರರ ಬೇಸಿಗೆ. ಬಾಗಿಲು ತೆರೆದರೆ ಎತ್ತರದ, ನೆಟ್ಟಗೆ ನಿಂತ, ಎಪ್ಪತ್ತು ದಾಟಿದ ಹೆಂಗಸು.

"ತೆಂಗಿನೆಣ್ಣೆ ಒಗ್ಗರಣೆ. ಕೇರಳವೋ ಮಂಗಳೂರೋ?"

"ಪುತ್ತೂರು," ಅಂದೆ.

"ಸರಿ ಪುತ್ತೂರು, ಒಳಗೆ ಕರಿ. ಎಷ್ಟೊತ್ತು ನಿಲ್ಲಲಿ?"

ಅವತ್ತಿನಿಂದ ನನ್ನ ಹೆಸರು ಸುಜಾತ ಎಂಬುದು ಅವರಿಗೆ ಬೇಕಾಗಲೇ ಇಲ್ಲ. ಅವರು ಬೆಳೆದ ನಾಟಕ ಕಂಪನಿಯಲ್ಲಿ ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಹಾರ್ಮೋನಿಯಂನವರು ಗುಬ್ಬಿ, ಅಡಿಗೆಯವರು ತುರುವೇಕೆರೆ, ಇವರು ನಂಜನಗೂಡು. ಒಂಬತ್ತನೇ ವಯಸ್ಸಿಗೆ ಕಂಪನಿ ಸೇರಿದ ಹುಡುಗಿ ಹದಿನಾರಕ್ಕೆ ಮದರಾಸಿನ ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಅಲ್ಲಿ ಪರದೆಯ ಮೇಲೆ ಹೆಸರು ಕುಮಾರಿ ವಿಶಾಲಾ ಎಂದಾಯಿತು.

ಇದೆಲ್ಲ ನನಗೆ ತಿಳಿದದ್ದು ಮಧ್ಯಾಹ್ನಗಳಲ್ಲಿ, ಅಡಿಗೆಮನೆಯ ಸಣ್ಣ ಮೇಜಿನ ಎದುರು, ಕೊತ್ತಂಬರಿ ಬಿಡಿಸುತ್ತಾ. ಅವರು ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಕೈ ನೋಡದೆಯೇ, ಕೊಳೆತ ಎಲೆಯನ್ನು ಬೆರಳಲ್ಲೇ ಗುರುತಿಸಿ ಎತ್ತಿ ಹಾಕುತ್ತಿದ್ದರು.

"ನಲವತ್ತು ಪಿಕ್ಚರಲ್ಲಿ ಹೀರೋಯಿನ್ ಗೆಳತಿ ಕಣೇ ನಾನು. ಅವಳು ಕಾಗದ ಬರೀತಾಳೆ, ನಾನು ತಗೊಂಡು ಹೋಗಿ ಹೀರೋಗೆ ಕೊಡ್ತೀನಿ. ಯಾವ ಪೋಸ್ಟ್‌ಮ್ಯಾನಿಗೂ ಅಷ್ಟು ಸರ್ವಿಸ್ ಇರಲ್ಲ."

"ನಿಮಗೆ ಯಾರೂ ಕಾಗದ ಬರೀಲಿಲ್ವಾ ಅಮ್ಮ?"

"ಬರೆದರಲ್ಲ, ಸುಮಾನ ಅಪ್ಪ. ಕ್ಯಾಮೆರಾ ಅಸಿಸ್ಟೆಂಟು. ನನ್ನ ಕಾಲಿನ ಹತ್ತಿರ ಕೂತು ಸೀಮೆಸುಣ್ಣದಲ್ಲಿ ಗುರುತು ಹಾಕೋನು. ಕಾಲು ನೋಡಿಯೇ ಮದುವೆ ಆದ, ಮುಖ ಆಮೇಲೆ ನೋಡಿದ್ದು."

ಆ ಸೀಮೆಸುಣ್ಣದ ಗುರುತೇ ಇಪ್ಪತ್ತಮೂರು ಹೆಜ್ಜೆಯ ಮೂಲ. ಪಾತ್ರಧಾರಿ ನಡೆದು ಬಂದು ಎಲ್ಲಿ ನಿಲ್ಲಬೇಕೋ ಅಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದಿರುತ್ತಾರೆ. ಒಂದು ಗೇಣು ಆಚೀಚೆಯಾದರೂ ಮುಖ ಮಸುಕಾಗುತ್ತದೆ. ಗೆರೆ ಎಲ್ಲಿದೆ ಎಂದು ಕಣ್ಣು ಕೆಳಗಿಳಿಸಿದರೆ ಶಾಟೇ ಕೆಟ್ಟುಹೋಗುತ್ತದೆ. ಮೊದಲ ವಾರ ಇವರು ಮತ್ತೆ ಮತ್ತೆ ನೆಲ ನೋಡಿ ಬೈಸಿಕೊಂಡರಂತೆ. ಆಮೇಲೆ ಶೂಟಿಂಗಿಗೆ ಮುಂಚೆ ಒಬ್ಬರೇ ಹೋಗಿ ಹೆಜ್ಜೆ ಎಣಿಸಿ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡರು. "ಎಣಿಸಿಕೊಂಡರೆ ಕಾಲು ತಾನೇ ನಿಲ್ಲುತ್ತೆ. ಮುಖ ಬೆಳಕಿಗೆ ಬಿಟ್ಟುಬಿಡಬೇಕು, ಅಷ್ಟೇ."

ಶುಕ್ರವಾರ ಯಾರಾದರೂ ಊರಿನವರು ನಮ್ಮಲ್ಲಿಗೆ ಬಂದಾಗ, ಅದರಲ್ಲೂ ವಯಸ್ಸಾದವರು, ಇವರನ್ನು ನೋಡಿ ಹುಬ್ಬು ಗಂಟಿಕ್ಕಿ, "ನಿಮ್ಮನ್ನು ಸಿನಿಮಾದಲ್ಲಿ ನೋಡಿದ ಹಾಗಿದೆಯಲ್ಲ" ಎನ್ನುವುದಿತ್ತು. ಅದಕ್ಕೆ ವಿಶಾಲಮ್ಮನ ಉತ್ತರ ಒಂದೇ.

"ಹೌದು. ಮುಖ ನಂದೇ. ದನಿ ಬೇರೆಯವರದು."

ಕೇಳಿದವರು ನಗುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೆ. ಆ ಮಾತಿನ ಹಿಂದಿನದ್ದು ಅವರು ನನಗೆ ಹೇಳಿದ್ದು ಒಂದು ವರ್ಷವಾದ ಮೇಲೆ.

ನಲವತ್ತು ಗೆಳತಿಯರ ನಡುವೆ ಅವರು ಒಂದೇ ಒಂದು ಚಿತ್ರದಲ್ಲಿ ನಾಯಕಿಯಾಗಿದ್ದರು. ಹೆಸರು 'ಹತ್ತಿ ಹೂವು'. ನೇಕಾರನ ಹೆಂಡತಿ ಗೌರಿಯ ಪಾತ್ರ. ಆಗ ಇವರಿಗೆ ಇಪ್ಪತ್ತೆರಡು. ಆ ಕಾಲದಲ್ಲಿ ದನಿಯನ್ನು ಸೆಟ್ಟಿನಲ್ಲೇ ಹಿಡಿಯುತ್ತಿದ್ದರು. ಇವರದು ತಗ್ಗಿನ ದನಿ, ಕೊಡದೊಳಗೆ ಮಾತಾಡಿದ ಹಾಗೆ. ಶೂಟಿಂಗಿನ ಕೊನೆಯ ದಿನ ಮೇಕಪ್ ಅಳಿಸುತ್ತಿರುವಾಗ ಪ್ರೊಡಕ್ಷನ್ ಮ್ಯಾನೇಜರು ಬಂದು, "ನಿಮ್ಮ ದನಿ ಗಂಡಸಿನ ಹಾಗಿದೆ ಅಂತ ದುಡ್ಡು ಹಾಕಿದ ಸಾಹುಕಾರರಿಗೆ ಬೇಜಾರು. ಬೇರೆ ಹುಡುಗಿ ಹತ್ತಿರ ಹಾಕಿಸ್ತಾರೆ" ಎಂದು ಹೇಳಿ ಹೋದ. ವಿಶಾಲಮ್ಮ ಅರ್ಧ ಅಳಿಸಿದ ಮುಖದಲ್ಲೇ ಟ್ಯಾಕ್ಸಿ ಹತ್ತಿದರು. ಚಿತ್ರ ಬಂತು, ಮೈಸೂರು ಕಡೆ ಎರಡು ಊರಿನಲ್ಲಿ ಒಂದು ವಾರ ಓಡಿತು, ಹೋಯಿತು. ಇವರು ನೋಡಲು ಹೋಗಲಿಲ್ಲ. ತನ್ನ ಬಾಯಿಯಿಂದ ಇನ್ನೊಬ್ಬಳು ಮಾತಾಡುವುದನ್ನು ಟಿಕೆಟ್ ತೆಗೆದುಕೊಂಡು ಯಾಕೆ ನೋಡಬೇಕು? ಯಾರಾದರೂ ಆ ಚಿತ್ರದ ಮಾತೆತ್ತಿ ಹೊಗಳಿದರೆ ಚುಚ್ಚುತ್ತಿದ್ದಾರೆ ಎಂದುಕೊಂಡು ಎದ್ದುಹೋಗುತ್ತಿದ್ದರು. ಆಮೇಲೆ ಅದರ ಮಾತೇ ಯಾರೂ ಎತ್ತಲಿಲ್ಲ.

ಅಲ್ಲಿಂದ ಮುಂದೆ ಯಾರು ಕರೆದರೂ ಇವರೇ ಮೊದಲು ಹೇಳಿಬಿಡುತ್ತಿದ್ದರು, "ದನಿ ಬೇರೆಯವರ ಹತ್ತಿರ ಹಾಕಿಸಿ." ಹಾಗೆ ಹೇಳುವವರಿಗೆ ದೊಡ್ಡ ಪಾತ್ರ ಯಾರು ಕೊಡುತ್ತಾರೆ? ಹಾಸಿಗೆ ಹಿಡಿದ ತಾಯಿ, ಮಾತು ಬಾರದ ಅಕ್ಕ, ಬಾಗಿಲ ಹಿಂದೆ ನಿಂತು ಅಳುವ ವಿಧವೆ. ಮೂವತ್ತು ವರ್ಷ ಕಳೆದ ಮೇಲೆ ಟೀವಿ ಬಂತು. ಧಾರಾವಾಹಿಯಲ್ಲಿ ಅತ್ತೆಯ ಪಾತ್ರಕ್ಕೆ ಕರೆದವರಿಗೆ ಈ ದನಿಯೇ ಬೇಕಾಗಿತ್ತು. ಸೊಸೆಯನ್ನು ಗದರಿಸಿದರೆ ಮನೆಮನೆಯಲ್ಲೂ ಲೋಟ ಅಲ್ಲಾಡಬೇಕು, ಹಾಗೆ. ಆರು ವರ್ಷ ಅತ್ತೆಯಾಗಿ ಗದರಿಸಿದರು.

"ನೋಡು ಪುತ್ತೂರು, ಮುಖ ಇದ್ದಾಗ ದನಿ ಬೇಡ ಅಂದರು. ದನಿ ಬೇಕು ಅಂದಾಗ ಮುಖ ಹೋಗಿತ್ತು. ಎರಡೂ ಒಟ್ಟಿಗೆ ಒಂದು ದಿನಾನೂ ಸಿಗಲಿಲ್ಲ."

ಕೊತ್ತಂಬರಿಯ ಕಡ್ಡಿಗಳನ್ನು ಒಂದೇ ಅಳತೆಗೆ ಜೋಡಿಸಿಟ್ಟು ಎದ್ದು ಹೋದರು.

ನನ್ನ ದನಿಯ ಕಥೆ ಬೇರೆ. ನನಗೆ ಅದು ಇತ್ತೋ ಇಲ್ಲವೋ ನನಗೇ ಅನುಮಾನ. ಗ್ಯಾಸ್ ಸಿಲಿಂಡರಿನವನಿಗೆ ಫೋನ್ ಮಾಡಬೇಕಾದರೂ ನಮ್ಮವರು ಆಫೀಸಿನಿಂದ ಮಾಡಬೇಕು. ಕ್ಲಿನಿಕ್ಕಿನ ಕೌಂಟರಿನಲ್ಲಿ ನಾನು ಮಾತಾಡಿದರೆ ಅಲ್ಲಿಯ ಹುಡುಗಿ ಮೂರು ಸಲ "ಸಾರಿ?" ಎನ್ನುತ್ತಿದ್ದಳು, ನಾಲ್ಕನೆಯ ಸಲ ನಾನು ಸುಮ್ಮನೆ ಕಾರ್ಡು ಮುಂದೆ ಚಾಚುತ್ತಿದ್ದೆ. ಇದನ್ನು ವಿಶಾಲಮ್ಮ ಒಂದು ದಿನ ಕಣ್ಣಾರೆ ಕಂಡರು. ಮನೆಗೆ ಬಂದವರೇ ನನ್ನನ್ನು ಕಾರಿಡಾರಿನ ಈ ತುದಿಯಲ್ಲಿ ನಿಲ್ಲಿಸಿ, ತಾವು ಆ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

"ನಿನ್ನ ಹೆಸರು ಹೇಳು."

"ಸುಜಾತ."

"ಕೇಳಿಸ್ಲಿಲ್ಲ."

"ಸುಜಾತಾ!"

"ಅದು ಕಿರುಚಿದ್ದು. ಹೆಸರು ಹೇಳು ಅಂದೆ. ಗಂಟಲಿಂದಲ್ಲ, ಹೊಟ್ಟೆಯಿಂದ ಬರಲಿ. ಎದುರಿಗಿರೋಳಿಗೆ ಎಸೀಬೇಡ, ಅವಳ ಹಿಂದೆ ಕೂತಿರೋಳಿಗೆ ಕಳಿಸು."

ವಾರಕ್ಕೆ ಎರಡು ಮೂರು ದಿನ ಈ ಪಾಠ. ಎದುರು ಮನೆಯ ಫಿಲಿಪ್ಪೀನೊ ಹುಡುಗಿ ಬಾಗಿಲು ತೆರೆದು ನೋಡಿ ನಕ್ಕು ಒಳಗೆ ಹೋಗುತ್ತಿದ್ದಳು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಏನು ಹೇಳಿದರೂ ಆ ತುದಿಯಿಂದ ಒಂದೇ ಉತ್ತರ, "ಕೇಳಿಸ್ಲಿಲ್ಲ." ನನಗೆ ಗೊತ್ತಿತ್ತು, ಕೇಳಿಸುತ್ತಿತ್ತು. ಆದರೂ ಅವರು ಒಂದು ದಿನವೂ ಕೇಳಿಸಿತು ಎನ್ನಲಿಲ್ಲ.

ಅವರ ಕಣ್ಣಿನ ವಿಷಯ ನಾನು ತಿಳಿದುಕೊಂಡದ್ದು ಹಲಸಂಡೆಯಿಂದ. ಬಿಡಿಸಿ ಕೊಟ್ಟ ಹಲಸಂಡೆಯಲ್ಲಿ ಹುಳುಕು ಉಳಿದಿತ್ತು. ಬೆರಳಿಗೆ ಸಿಗದ ಸಣ್ಣ ಕಪ್ಪು ಚುಕ್ಕೆ, ಕಣ್ಣಿಗೆ ಮಾತ್ರ ಸಿಗುವಂಥದ್ದು. ಇನ್ನೊಂದು ದಿನ ನಮ್ಮವರನ್ನು ಲಿಫ್ಟಿನ ಹತ್ತಿರ ಕಂಡು "ಏನಪ್ಪಾ, ಯಾರ ಮನೆ ಬೇಕಿತ್ತು?" ಎಂದು ಕೇಳಿದರು. ಮೆಲ್ಲಗೆ ಕೇಳಿದಾಗ ಒಪ್ಪಿಕೊಂಡರು.

"ಅಂಚೆಲ್ಲ ಕಾಣುತ್ತೆ. ನಿನ್ನ ಕಿವಿಯೋಲೆ ಕಾಣುತ್ತೆ, ಹಿಂದಿನ ಕ್ಯಾಲೆಂಡರ್ ಕಾಣುತ್ತೆ. ನಡುವೆ ನಿನ್ನ ಮುಖ ಇರಬೇಕಾದ ಕಡೆ ಹೊಗೆ. ಸುಮಾಗೆ ಹೇಳಬೇಡ, ಒಬ್ಬಳೇ ಓಡಾಡೋಕೆ ಬಿಡಲ್ಲ."

ನಾನು ಹೇಳಿದೆ. ಅದೊಂದು ವಿಷಯದಲ್ಲಿ ಅವರ ಮಾತು ಮೀರಿದೆ. ಸುಮಾ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿಗೆ ಸೂಜಿ ಹಾಕಿದರು. ಹೋದದ್ದು ಬರುವುದಿಲ್ಲ, ಇರುವುದು ಎಷ್ಟು ತಿಂಗಳು ಉಳಿಯುತ್ತದೋ ನೋಡೋಣ ಎಂದರು ಡಾಕ್ಟರು. ವಿಶಾಲಮ್ಮ ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ಮೂರನೆಯ ದಿನ ಇಪ್ಪತ್ತಮೂರು ಹೆಜ್ಜೆ ನಡೆದು ಬಂದು, ಉಸಿರೆಳೆದುಕೊಂಡು, ಬೆಲ್ ಒತ್ತಿ, ಕೂತು, ಹೇಳಿದರು.

"ಆ ಮುಖ ಒಂದು ಸಲ ನೋಡಬೇಕಿತ್ತು ಕಣೇ. ಗೌರಿ ಮುಖ. ಎಷ್ಟು ಚೆನ್ನಾಗಿದ್ದೆ ಗೊತ್ತಾ? ಮುಂಚೆ ರೋಷದಲ್ಲಿ ನೋಡಲಿಲ್ಲ. ಈಗ ನೋಡೋಣ ಅಂದರೆ ಪಿಕ್ಚರೇ ಇಲ್ಲ. ಸಾಹುಕಾರ ಸತ್ತ ಮೇಲೆ ರೀಲುಗಳನ್ನೆಲ್ಲ ಬೆಳ್ಳಿ ತೆಗೆಯೋಕೆ ಕರಗಿಸಿದರಂತೆ."

"ಎಲ್ಲಿಯೂ ಸಿಗೋದಿಲ್ವಾ?"

"ಸಿಕ್ಕಿದರೆ ಸೌಂಡ್ ತೆಗೆದುಬಿಡು. ಆ ಹುಡುಗಿ ದನಿ ನನಗೆ ಬೇಡ. ಮುಖ ಸಾಕು."

ಸಕ್ಕರೆ ಬಿಟ್ಟರೆ ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ. ಅದಕ್ಕೆ ಗಡುವೂ ಇತ್ತು. ಇರುವ ಕಣ್ಣು ಹೋಗುವುದರೊಳಗೆ ಆಗಬೇಕು.

ಸುಮಾಗೆ ಇದು ಇಷ್ಟವಾಗಲಿಲ್ಲ. "ಸುಜಾತಕ್ಕ, ದಯವಿಟ್ಟು ಅದನ್ನು ಕೆದಕಬೇಡಿ. ಆ ಪಿಕ್ಚರ್ ಹೆಸರು ಬಂದರೆ ಅಮ್ಮ ಊಟ ಬಿಡ್ತಿದ್ದ ಕಾಲ ನಾನು ನೋಡಿದ್ದೀನಿ," ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನಾನು ಹುಡುಕಿದೆ.

ಹುಡುಕುವುದೆಂದರೆ ಫೋನ್ ಮಾಡುವುದು. ಬೆಂಗಳೂರಿಗೆ, ಮೈಸೂರಿಗೆ, ಹಳೆ ಚಿತ್ರಗಳನ್ನು ಕೂಡಿಡುವವರಿಗೆ, ಅವರು ಕೊಟ್ಟ ಇನ್ನೊಂದು ನಂಬರಿಗೆ. ಗುರುತು ಪರಿಚಯ ಇಲ್ಲದವರಿಗೆ ಹೊಟ್ಟೆಯಿಂದ ದನಿ ತೆಗೆದು, "ನಾನು ದುಬೈಯಿಂದ ಸುಜಾತ ಮಾತಾಡ್ತಿದ್ದೇನೆ" ಎಂದು ಶುರು ಮಾಡುತ್ತಿದ್ದೆ. ಯಾರೂ "ಏನು?" ಎಂದು ಎರಡನೆಯ ಸಲ ಕೇಳಲಿಲ್ಲ. ನಮ್ಮವರು ಒಂದು ಸಂಜೆ ಬಾಗಿಲಲ್ಲೇ ಶೂ ಬಿಚ್ಚುವುದನ್ನು ನಿಲ್ಲಿಸಿ ಕೇಳಿಸಿಕೊಂಡು, "ಮಾರಾಯ್ತಿ, ಇನ್ನು ಗ್ಯಾಸಿನವನಿಗೆ ನೀನೇ ಹೇಳು" ಎಂದರು. ಎಲ್ಲ ಸರಿ, ಚಿತ್ರ ಮಾತ್ರ ಸಿಗಲಿಲ್ಲ. ಐದು ತಿಂಗಳು ಕಳೆಯಿತು.

ಸುಳಿವು ಸಿಕ್ಕಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಸೂಜಿ ಹಾಕಿಸಲು ವಿಶಾಲಮ್ಮನ ಜೊತೆ ನಾನು ಹೋದಾಗ ಅಲ್ಲಿ ಒಬ್ಬಳು ನರ್ಸ್, ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ. ನಾವಿಬ್ಬರೂ ಆ ಚಿತ್ರದ ವಿಷಯ ಮಾತಾಡಿಕೊಳ್ಳುವುದನ್ನು ಕೇಳಿ, "ಆಂಟಿ, ನಮ್ಮ ಲಾರೆನ್ಸ್ ಅಂಕಲ್‌ಗೆ ಮೊದಲು ದೇರಾದಲ್ಲಿ ಕ್ಯಾಸೆಟ್ ಅಂಗಡಿ ಇತ್ತು. ಕನ್ನಡದ್ದೂ ಇಡ್ತಿದ್ರು. ಈಗ ಗ್ಯಾರೇಜ್. ಕೇಳಿ ನೋಡಿ," ಎಂದು ನಂಬರು ಬರೆದುಕೊಟ್ಟಳು.

ಲಾರೆನ್ಸರ ಗ್ಯಾರೇಜು ರಾಸ್ ಅಲ್ ಖೋರಿನಲ್ಲಿ, ಕಾರಿನ ಏಸಿ ರಿಪೇರಿ. ಶನಿವಾರ ನಮ್ಮವರ ಜೊತೆ ಹೋದೆ. ಅರವತ್ತೈದರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಶಿಲುಬೆ, ಕೈಯಲ್ಲಿ ಗ್ರೀಸು.

"ಹತ್ತಿ ಹೂವಾ?" ಎಂದು ತಲೆ ಕೆರೆದುಕೊಂಡರು. "ಆಗ ನೋಡಿ, ಇಲ್ಲಿಯವರಿಗೆ ಶುಕ್ರವಾರ ಎಂತಾದ್ರೂ ನೋಡ್ಲಿಕ್ಕೆ ಬೇಕಿತ್ತು. ಹಾಗಾಗಿ ಮದ್ರಾಸಿನಲ್ಲಿ ಯಾವ ಹಳೇ ರೀಲ್ ಸಿಕ್ಕಿದರೂ ಕ್ಯಾಸೆಟ್ ಮಾಡಿ ಇಲ್ಲಿಗೆ ಕಳಿಸ್ತಿದ್ದರು. ಊರಲ್ಲಿ ಇಲ್ಲದ್ದು ಕೂಡ ಇಲ್ಲಿ ಉಂಟು. ಆದರೆ ಈ ಸೆಕೆಗೆ ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು."

ಗ್ಯಾರೇಜಿನ ಮೇಲೆ ಕಬ್ಬಿಣದ ಏಣಿ ಹತ್ತಿ ಹೋಗುವ ಒಂದು ಅಟ್ಟ. ಅಲ್ಲಿ ಕಂಪ್ರೆಸರ್ ಪೆಟ್ಟಿಗೆಗಳ ಹಿಂದೆ ಹನ್ನೆರಡು ರಟ್ಟಿನ ಡಬ್ಬ. ಅವರು ಟಾರ್ಚ್ ಹಿಡಿದರು, ನಾನು ಒಂದೊಂದೇ ಕ್ಯಾಸೆಟ್ ತೆಗೆದು ಸೀರೆಯ ಸೆರಗಿನಲ್ಲಿ ಧೂಳು ಒರೆಸಿ ಓದಿದೆ. ಒಂಬತ್ತನೆಯ ಡಬ್ಬದಲ್ಲಿ, ಮಾಸಿದ ನೀಲಿ ಪೆನ್ನಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆದ ಎರಡು ಪದ. ನಾನು ಅಟ್ಟದ ಮೇಲಿನಿಂದ ಕೂಗಿದ್ದಕ್ಕೆ ಕೆಳಗೆ ಕಾರಿನ ಅಡಿ ಮಲಗಿದ್ದ ಮೆಕ್ಯಾನಿಕ್ಕು ಹೊರಗೆ ಬಂದು ನೋಡಿದ. ಲಾರೆನ್ಸರು ಕ್ಯಾಸೆಟ್ಟಿನ ಜೊತೆ ತಮ್ಮ ಹಳೆಯ ವೀಸಿಆರನ್ನೂ ಟವೆಲಿನಲ್ಲಿ ಸುತ್ತಿ ಕೊಟ್ಟರು. "ಅಮ್ಮ ನೋಡಿ ಆದ ಮೇಲೆ ತಂದರೆ ಸಾಕು. ಅರ್ಜೆಂಟ್ ಮಾಫಿ, ಅವಸರ ಎಂತದೂ ಇಲ್ಲ."

ಭಾನುವಾರ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ವಿಶಾಲಮ್ಮ ಬಂದರು. ಜರಿಯಂಚಿನ ಸೀರೆ, ಮುಡಿಯಲ್ಲಿ ಮಲ್ಲಿಗೆ. ಸೋಫಾದಲ್ಲಿ ಬೇಡ ಎಂದು ಊಟದ ಮೇಜಿನ ಕುರ್ಚಿಯನ್ನು ಟೀವಿಯ ಮುಂದೆ ಎಳೆಸಿಕೊಂಡು ಕೂತರು. ನಾನು ಮೊದಲೇ ಸೌಂಡ್ ತೆಗೆದು ಕ್ಯಾಸೆಟ್ ಹಾಕಿದೆ. ಗೆರೆಗೆರೆ ಚಿತ್ರ. ಆಮೇಲೆ ಹಸಿರು ಮೈದಾನ, ಬಿಳಿ ಅಂಗಿಯವರು ಓಡುತ್ತಿದ್ದಾರೆ.

"ಎಂತ ಇದು... ಅಮ್ಮ, ಇದು ಕ್ರಿಕೆಟ್!"

"ಏನು?"

"ಯಾರೋ ಇದರ ಮೇಲೆ ಶಾರ್ಜಾದ ಮ್ಯಾಚ್ ರೆಕಾರ್ಡ್ ಮಾಡಿದ್ದಾರೆ!"

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಐದು ತಿಂಗಳು ಹುಡುಕಿದ್ದು ಇದಕ್ಕಾ? ವಿಶಾಲಮ್ಮ ಮಾತ್ರ ಅಲುಗಾಡದೆ ಕೂತಿದ್ದರು. "ಮುಂದೆ ಓಡಿಸು. ಮ್ಯಾಚ್ ಯಾವಾಗಾದರೂ ಮುಗಿಯಲೇಬೇಕಲ್ಲ." ಓಡಿಸಿದೆ. ಸುಮಾರು ಅರ್ಧ ಕ್ಯಾಸೆಟ್ ಕಳೆದ ಮೇಲೆ ಹಸಿರು ಹೋಗಿ ಕಪ್ಪು ಬಿಳುಪು ಬಂತು. ಒಂದು ಮಗ್ಗ. ಮಗ್ಗದ ಆಚೆ ಒಬ್ಬಳು ಹುಡುಗಿ.

"ಬಂತು ಅಮ್ಮ. ನೀವು."

"ನನ್ನ ಎಂಟ್ರಿ ಸೀನೇ ಔಟ್ ಆಗೋಯ್ತೇನೇ!" ಎಂದು ನಕ್ಕರು. ಆಮೇಲೆ ಮುಖವನ್ನು ಟೀವಿಯಿಂದ ಆ ಕಡೆಗೆ ತಿರುಗಿಸಿದರು, ಕಣ್ಣಿನ ಅಂಚಿನಲ್ಲಾದರೂ ಸಿಗಲಿ ಎಂದು. ಎಡಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿಸಿದರು. ಕುರ್ಚಿಯನ್ನು ಇನ್ನೂ ಮುಂದೆ ಎಳೆದುಕೊಂಡರು. ಕೊನೆಗೆ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಮಗ್ಗ ಕಾಣುತ್ತೆ," ಅಂದರು. "ಅವಳು ಕಾಣಲ್ಲ."

ನಾವು ತಡಮಾಡಿದ್ದೆವು.

ನಾನು ಅವರ ಪಕ್ಕ ನೆಲದ ಮೇಲೆ ಕೂತು ಹೇಳತೊಡಗಿದೆ. ಹಣೆ ಅಗಲ, ಕುಂಕುಮ ದೊಡ್ಡದು, ಮೂಗುಬೊಟ್ಟು ಬಲಕ್ಕೆ. ಹುಬ್ಬು ಈಗಿನ ಹಾಗೆಯೇ. ಗಂಡ ಮಗ್ಗದಿಂದ ಎದ್ದ, ಅವಳು ಬಾಗಿಲಿಗೆ ಅಡ್ಡ ನಿಂತಳು. "ಏನೋ ಹೇಳ್ತಿದ್ದಾಳೆ ಅಮ್ಮ, ತುಟಿ ಆಡ್ತಾ ಉಂಟು. ಎಂತ ಹೇಳ್ತಿದ್ದಾಳೆ ಗೊತ್ತಾಗೋದಿಲ್ಲ."

"ಬಾಗಿಲಿಗೆ ಅಡ್ಡ ನಿಂತಳಾ? ಹಾಗಾದರೆ ಇದು ಮಗ್ಗದ ಸೀನು. ನಾನು ಹೇಳ್ತೀನಿ, ನೀನು ತುಟಿ ನೋಡ್ಕೋ." ನೆಟ್ಟಗೆ ಕೂತು, ಉಸಿರೆಳೆದುಕೊಂಡು ಶುರು ಮಾಡಿದರು. ಐವತ್ತು ವರ್ಷದ ಹಿಂದಿನ ಮಾತು ಒಂದಕ್ಷರ ತಪ್ಪದೆ ಬಂತು. ಆದರೆ ಹೊಂದಲಿಲ್ಲ. ಇವರು ಮುಗಿಸಿದರೂ ಅಲ್ಲಿ ತುಟಿ ಆಡುತ್ತಲೇ ಇತ್ತು. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದೆವು. ಈ ಸಲ ಇವರೇ ಹಿಂದೆ ಬಿದ್ದರು. ಸಿಟ್ಟು ಬಂತು.

"ಎಲ್ಲಿದ್ದಾಳೆ ಅಂತ ಗೊತ್ತಾಗದೆ ಹೇಗೆ ಹೇಳೋದು? ಹಾಕತ್ಲಾಗೆ ಸೌಂಡು. ಆ ಹುಡುಗಿ ದನೀಲೇ ಜಾಗ ಹಿಡೀತೀನಿ."

ಮತ್ತೆ ಹಿಂದಕ್ಕೆ ಓಡಿಸಿ ಸೌಂಡ್ ಏರಿಸಿದೆ. ಮೊದಲು ಬರೀ ಬುಸುಗುಟ್ಟುವ ಸದ್ದು, ಮಗ್ಗದ ಲಟಪಟ. ಗಂಡ ಎದ್ದ. ಮಗ್ಗ ನಿಂತಿತು. ವಿಶಾಲಮ್ಮ ಬಾಯಿ ತೆರೆದರು. ಟೀವಿಯೊಳಗಿನವಳೂ ತೆರೆದಳು.

"ಮಗ್ಗ ನಿಲ್ಲಿಸಬೇಡಿ. ಇದು ನಿಂತರೆ ಈ ಮನೆಯಲ್ಲಿ..."

ಅಲ್ಲಿ ಒಂದು ಸಣ್ಣ ಉಸಿರು. ನಮ್ಮ ಬಾಗಿಲ ಹೊರಗೆ ಬೆಲ್ ಒತ್ತುವ ಮುಂಚೆ ಎಳೆದುಕೊಳ್ಳುತ್ತಿದ್ದರಲ್ಲ, ಅದೇ. ಕುರ್ಚಿಯಿಂದಲೂ ಬಂತು, ಟೀವಿಯಿಂದಲೂ ಬಂತು, ಒಟ್ಟಿಗೆ ಬಂತು.

"...ಉಸಿರಾಡುವ ಸದ್ದೇ ಇರುವುದಿಲ್ಲ."

ಕೊಡದೊಳಗೆ ಮಾತಾಡಿದ ಹಾಗೆ. ಎರಡು ವರ್ಷ ದಿನವೂ ಕೇಳಿದ ದನಿ. ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ವಿಶಾಲಮ್ಮ ಅರ್ಧದಲ್ಲೇ ನಿಲ್ಲಿಸಿಬಿಟ್ಟಿದ್ದರು. ಟೀವಿಯವಳು ಒಬ್ಬಳೇ ಮುಂದುವರಿಸುತ್ತಿದ್ದಳು.

"ಯಾರೇ ಅದು?"

"ನೀವೇ ಅಮ್ಮ."

"ಸುಳ್ಳು ಹೇಳಬೇಡ."

"ನಿಮ್ಮದೇ ದನಿ. ಯಾರೂ ಬೇರೆ ಹಾಕಿಸಲಿಲ್ಲ. ಕೇಳಿ ನೀವು."

ನಾಲ್ಕು ಸಲ ಹಿಂದಕ್ಕೆ ಓಡಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ನೀರು ಕೇಳಿ ಕುಡಿದರು. "ಎರಡನೇ ಮಾತಲ್ಲಿ ಉಸಿರು ತಪ್ಪು ಜಾಗದಲ್ಲಿ ತಗೊಂಡಿದ್ದಾಳೆ," ಎಂದರು ಮೊದಲು. ಆಮೇಲೆ, "ಆ ಸಾಹುಕಾರ ಮಹಾ ಜುಗ್ಗ. ಇನ್ನೊಬ್ಬಳಿಗೆ ದುಡ್ಡು ಕೊಡಬೇಕಲ್ಲ ಅಂತ ಬಿಟ್ಟಿರಬೇಕು!" ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ ಲೋಟ ಕೆಳಗಿಟ್ಟರು.

"ಮಾರನೇ ವರ್ಷ ಒಬ್ಬರು ಡೈರೆಕ್ಟರು ಎರಡು ಸಲ ಆಳು ಕಳಿಸಿದ್ದರು ಕಣೇ. ಹತ್ತಿ ಹೂವು ನೋಡಿ ಕಳಿಸಿದ್ದೀವಿ ಅಂದರು. ಮೂಗಿ ಪಾತ್ರ ಇದ್ದರೆ ಬರ್ತೀನಿ ಅಂತ ಹೇಳಿ ಅಟ್ಟಿದೆ." ಸೆರಗಿನ ಜರಿಯನ್ನು ಬೆರಳಲ್ಲಿ ಉಜ್ಜುತ್ತಿದ್ದರು. "ಒಂದು ಟಿಕೆಟ್ ತಗೊಂಡು ಹೋಗಿ ಕೂತಿದ್ದರೆ ಆಗೋದು. ಅಷ್ಟೇ."

ನಾನು ಅವರ ಕೈ ಹಿಡಿದುಕೊಂಡೆ. ಅವರೇ ನನ್ನ ಕೈ ತಟ್ಟಿದರು. "ಇರಲಿ ಬಿಡು. ನೋಡದೇನೇ ಹೋಗಿಬಿಡ್ತಿದ್ದೆ. ಕೇಳಿಸಿಕೊಂಡಾದರೂ ಹೋಗ್ತೀನಲ್ಲ. ಹಾಕು, ಮುಂದೆ ಹಾಕು. ನನ್ನ ಗಂಡ ಮಗ್ಗಕ್ಕೆ ವಾಪಸ್ ಬರ್ತಾನೋ ಇಲ್ವೋ ನೋಡೋಣ."

ಸಂಜೆ ಸುಮಾ ಬಂದಾಗ ನಾವಿನ್ನೂ ಅಲ್ಲೇ ಇದ್ದೆವು. ಹೆಗಲಿನ ಬ್ಯಾಗನ್ನೂ ಇಳಿಸದೆ ಬಾಗಿಲಲ್ಲಿ ನಿಂತು ಕೇಳಿದಳು. "ಅಮ್ಮ, ಇದು ನಾನು ಹೋಂವರ್ಕ್ ಮಾಡದೆ ಇದ್ದಾಗ ಬೈತಿದ್ದ ದನಿ!" ಎಂದು ನಗಲು ಹೋಗಿ, ಅಮ್ಮನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಕೆದಕಬೇಡಿ ಎಂದವಳೇ ಆಮೇಲೆ ಅದನ್ನು ಸೀಡಿಗೆ ಹಾಕಿಸಿದಳು, ಕ್ರಿಕೆಟ್ ಸಮೇತ. ವೀಸಿಆರ್ ವಾಪಸು ಕೊಡಲು ವಿಶಾಲಮ್ಮ ತಾವೇ ರಾಸ್ ಅಲ್ ಖೋರಿಗೆ ಬಂದರು. ಲಾರೆನ್ಸರು ಗ್ರೀಸಿನ ಕೈ ಮುಗಿದು, ಚಾ ತರಿಸಿ, ಮಗ್ಗದ ಮಾತನ್ನು ಗ್ಯಾರೇಜಿನ ನಡುವೆ ಇನ್ನೊಮ್ಮೆ ಹೇಳಿಸಿದರು.

ಆಮೇಲಿನ ಒಂದೂವರೆ ವರ್ಷ ಅವರು ದಿನವೂ ಬಂದರು. ಈಗ ಬೆಳಕಿನ ಕಿಟಕಿಯೂ ಅವರಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಕೆನ್ನೆ ಮಾತ್ರ ಸರಿಯಾಗಿ ಅಲ್ಲಿಗೇ ತಿರುಗುತ್ತಿತ್ತು. ಅಬುಧಾಬಿಯಲ್ಲಿ ಅಳಿಯನ ಪ್ರಾಜೆಕ್ಟು ಮುಗಿದು, ವೀಸಾ ಕ್ಯಾನ್ಸಲ್ ಆಗಿ, ಎರಡು ಸಾವಿರದ ಹದಿನಾರರಲ್ಲಿ ಅವರೆಲ್ಲ ಮೈಸೂರಿಗೆ ಹೋದರು. ಮುಂದಿನ ವರ್ಷ ಸುಮಾ ಫೋನ್ ಮಾಡಿದಳು. ಮಧ್ಯಾಹ್ನ ಊಟ ಮಾಡಿ ರೇಡಿಯೋ ಕೇಳುತ್ತಾ ಕೂತಿದ್ದವರು ಹಾಗೇ ಹೋದರಂತೆ. ಅವರಿದ್ದ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅವರು ನಮ್ಮಲ್ಲಿಗೆ ಬರುವಾಗ ಎಷ್ಟು ಹೆಜ್ಜೆ ಇಡುತ್ತಾರೋ ನಾನು ಎಣಿಸಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ವಿಮಾನ ನಿಲ್ದಾಣದಲ್ಲಿ. ಗಾಲಿಕುರ್ಚಿಯಲ್ಲಿ ಕೂರಿಸಿದ್ದೆವು. ಕೌಂಟರಿನ ಹುಡುಗಿ ಉಡುಪಿ ಕಡೆಯವಳು. ಪಾಸ್‌ಪೋರ್ಟ್ ನೋಡಿ, ಮುಖ ನೋಡಿ, "ಅಜ್ಜೀ, ನಿಮ್ಮನ್ನು ಎಲ್ಲೋ ನೋಡಿದ ಹಾಗುಂಟು. ನಮ್ಮಮ್ಮ ನೋಡ್ತಿದ್ದ ಸೀರಿಯಲ್ಲಿನ ಅತ್ತೆಯಾ?" ಎಂದಳು. ನಾನು ಹಳೆಯ ಉತ್ತರಕ್ಕೆ ಕಾದೆ. ವಿಶಾಲಮ್ಮ ಕೌಂಟರಿನ ದೀಪಕ್ಕೆ ಎಡಗೆನ್ನೆ ತಿರುಗಿಸಿ ಉಸಿರೆಳೆದುಕೊಂಡರು.

"ಹೌದು ಕಣಮ್ಮ. ಅದಕ್ಕೂ ಮುಂಚೆ ಸಿನಿಮಾದಲ್ಲಿದ್ದೆ. ಮುಖ ನಂದೇ. ದನೀನೂ ನಂದೇ."

ಹಿಂದಿನ ಸಾಲಿನವರು ತಿರುಗಿ ನೋಡಿದರು.

ಸುಮಾ ಮತ್ತು ಅವಳ ಗಂಡ ಪಾಸ್‌ಪೋರ್ಟ್ ಪರೀಕ್ಷೆಯ ಕಡೆಗೆ ಕುರ್ಚಿ ತಳ್ಳಿಕೊಂಡು ಹೋದರು. ಅದರಾಚೆಗೆ ನಮಗೆ ಬಿಡುವುದಿಲ್ಲ. ಎಷ್ಟೋ ಹೇಳಬೇಕೆಂದಿದ್ದೆ, ಒಂದೂ ಹೇಳಿರಲಿಲ್ಲ. ಜನ, ಟ್ರಾಲಿಗಳು, ಮೇಲಿನಿಂದ ಅನೌನ್ಸ್‌ಮೆಂಟ್. ಅವರ ಬಿಳಿ ತುರುಬು ದೂರ ಹೋಗುತ್ತಿತ್ತು. ನಾನು ಕಂಬಿಯ ಹತ್ತಿರ ನಿಂತು, ನಾಚಿಕೆ ಬಿಟ್ಟು, ಹೊಟ್ಟೆಯಿಂದ ದನಿ ತೆಗೆದು, ಅವರ ಮುಂದೆ ಇರುವ ಯಾರಿಗೋ ಕಳಿಸುವ ಹಾಗೆ ಹೇಳಿದೆ.

"ಅಮ್ಮಾ, ಹೋಗಿ ಬನ್ನಿ!"

ಕುರ್ಚಿ ನಿಲ್ಲಲಿಲ್ಲ, ಅವರು ತಿರುಗಲೂ ಇಲ್ಲ. ಬಲಗೈ ಮಾತ್ರ ಮೇಲೆದ್ದಿತು. ಅಷ್ಟು ಗದ್ದಲದ ನಡುವೆ, ಕೊಡದೊಳಗಿನಿಂದ ಬಂದ ಹಾಗೆ, ಸ್ಪಷ್ಟವಾಗಿ ಬಂತು.

"ಕೇಳಿಸ್ತು ಕಣೇ, ಪುತ್ತೂರು!"